ಮುರಿಗೆಪ್ಪಣ್ಣನ ಸಮಾಚಾರ

ನಾನು ತಿಪ್ಪೇಶಣ್ಣನ ಸಿಹಿ ಅಂಗಡಿಯಲ್ಲಿ ಸುಳ್ಳು ಹೇಳುವ ಕೆಲಸ ಮಾಡುತ್ತೇನೆ. ಹೆಸರು ಕೊಟ್ರೇಶ. ಬೆಳಿಗ್ಗೆ ಹಾಲಿನ ಕಡಾಯಿ ಕಾದು, ಮೇಲೆ ತೆಳ್ಳಗೆ ಹಬೆ ಏಳುವ ಹೊತ್ತಿಗೆ ನಾನು ಮುಖ ತೊಳೆದು, ತಲೆ ಬಾಚಿಕೊಂಡು, ಅದರ ಮುಂದೆ ನಿಲ್ಲುತ್ತೇನೆ. "ನಿನ್ನೆ ಸಂಜೆ ಒಂದು ಆನೆಯನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಸಂತೆಗೆ ಹೋಗಿದ್ದೆ" ಎನ್ನುತ್ತೇನೆ. ಹಾಲು ಈ ಅಂಚಿನಿಂದ ಆ ಅಂಚಿನವರೆಗೆ ಒಡೆಯುತ್ತದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಅದನ್ನು ಬಟ್ಟೆಯಲ್ಲಿ ಸೋಸಿ, ಹಿಂಡಿ, ಉಂಡೆ ಕಟ್ಟಿ ಪಾಕಕ್ಕೆ ಬಿಡುವವರು ಬೇರೆ ಇದ್ದಾರೆ. ಹೊರಗಿನ ಊರುಗಳಲ್ಲಿ ಇದಕ್ಕೆ ನಿಂಬೆಹಣ್ಣು ಹಿಂಡುತ್ತಾರಂತೆ. ನಮ್ಮೂರಿನಲ್ಲಿ ಹಾಗೆ ಮಾಡಿದರೆ ಗಿರಾಕಿ ಒಂದು ಸಲ ಮೂಸಿ ನೋಡಿ ತಟ್ಟೆಯನ್ನು ಹಿಂದಕ್ಕೆ ತಳ್ಳುತ್ತಾನೆ.

ಇದೇನು ಮಹಾ ಕೆಲಸವೆಂದು ಮೂಗು ಮುರಿಯುವವರಿದ್ದಾರೆ. ಅವರು ಒಂದು ವಾರ ಮಾಡಿ ನೋಡಲಿ. ಬಾಯಿಪಾಠದ ಸುಳ್ಳಿಗೆ ಹಾಲು ಜಗ್ಗುವುದಿಲ್ಲ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರೆ ಒಡೆದದ್ದು ರಬ್ಬರಿನ ಹಾಗೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ತಪ್ಪು ತಿಳಿದುಕೊಂಡು ಆಡಿದ ಮಾತಿಗೆ ಹಾಲು ಒಡೆಯುವುದಿಲ್ಲ, ಗೊತ್ತಿದ್ದೂ ಆಡಿದ ಸುಳ್ಳೇ ಆಗಬೇಕು. ಪ್ರಶ್ನೆಗೂ ಒಡೆಯುವುದಿಲ್ಲ. ಪ್ರಶ್ನೆಯಲ್ಲಿ ಸುಳ್ಳೂ ಇಲ್ಲ ನಿಜವೂ ಇಲ್ಲ, ಬರೀ ಬಾಯಿ ತೆರೆದಿರುತ್ತದೆ ಅಷ್ಟೇ. ಇದು ನಮ್ಮ ಕಸುಬಿನಲ್ಲಿ ಮೊದಲು ಕಲಿಯಬೇಕಾದ ಸಂಗತಿ.

ಊರಿನವರು ಹಾಲಿನೊಂದಿಗೆ ಹೇಗೋ ಹೊಂದಿಕೊಂಡು ಬಾಳುತ್ತಿದ್ದಾರೆ. ಚಹಾದ ಅಂಗಡಿಗಳಲ್ಲಿ ರಾಜಕೀಯ ಮಾತಾಡುವವರಿಗೆ ಬೀದಿಯ ಕಡೆಗೆ ಬೆಂಚು ಹಾಕಿರುತ್ತಾರೆ. ಡಾಕ್ಟರು ರೋಗಿಗೆ ಧೈರ್ಯ ಹೇಳುವ ಕೋಣೆಗೆ ಹಾಲು ತರುವಂತಿಲ್ಲ. ಹೊಸ ಸೊಸೆ ಮಾಡಿದ ಅಡುಗೆಯನ್ನು ಮಾವನಾದವನು ಹೊಗಳುವುದಾದರೆ ಅಂಗಳಕ್ಕೆ ಹೋಗಿ ಹೊಗಳುತ್ತಾನೆ. ಇನ್ನು ಮದುವೆಯ ಮಾತು, ಜಮೀನಿನ ಮಾತು, ಪಾಲು ಪಂಚಾಯಿತಿ ಏನೇ ಇದ್ದರೂ ನಡುವೆ ಒಂದು ಹಿತ್ತಾಳೆಯ ಲೋಟದಲ್ಲಿ ಹಾಲು ಇರಲೇಬೇಕು. ಅದಕ್ಕೆ ಸಾಕ್ಷಿ ಹಾಲು ಎನ್ನುತ್ತಾರೆ. ಅದನ್ನು ಮನೆ ಮನೆಗೆ ಒಯ್ದು ಇಟ್ಟು, ಮಾತು ಮುಗಿಯುವವರೆಗೆ ಪಕ್ಕದಲ್ಲಿ ಕೂತು, ಒಡೆಯಿತೋ ಇಲ್ಲವೋ ನೋಡಿ ಹೇಳುವವಳು ನನ್ನ ಅಕ್ಕ ಸರ್ವಮಂಗಳ.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಮದುವೆಯಾಗಲಿಲ್ಲ. ನೋಡಲು ಬಂದ ಗಂಡುಗಳ ಮುಂದೆ ಅವಳೇ ಹಾಲು ಇಡುತ್ತಿದ್ದಳು, ಅವರು ಎರಡನೆಯ ಮಾತಿಗೆ ಎದ್ದು ಹೋಗುತ್ತಿದ್ದರು. ನನ್ನ ಅಕ್ಕ ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಾನು ಹೊಸ ಅಂಗಿ ಹಾಕಿಕೊಂಡು ಹೇಗಿದೆ ಎಂದರೆ "ಅಂಗಿ ಚೆನ್ನಾಗೈತೆ" ಎಂದು ಅಂಗಿಗೆ ಎಷ್ಟು ಸಲ್ಲಬೇಕೋ ಅಷ್ಟನ್ನು ಮಾತ್ರ ಕೊಡುತ್ತಿದ್ದಳು. ನನ್ನ ಕೆಲಸದ ಮೇಲೆ ಅವಳಿಗೆ ಒಳಗೊಳಗೇ ಬೇಸರ. ತಿಪ್ಪೇಶಣ್ಣನ ಅಂಗಡಿಯ ಮೆಟ್ಟಿಲನ್ನು ಅವಳು ಹತ್ತಿದವಳಲ್ಲ. ಈಚೆಗೆ ಮಂಡಿ ಎರಡೂ ಹಿಡಿದುಕೊಂಡು, ಲೋಟ ಒಯ್ಯುವಾಗ ಹಾಲು ತುಳುಕಲು ಶುರುವಾಗಿತ್ತು. ಆಪರೇಷನ್ ಮಾಡಿಸಬೇಕೆಂದು ಬ್ಯಾಂಕಿನಲ್ಲಿ ಹಣ ಕೂಡಿಡುತ್ತಿದ್ದಳು. ನಡೆಯಲಾಗದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದ ಸರ್ವಮಂಗಳಕ್ಕನನ್ನು ಅವಳೂ ಊಹಿಸಿಕೊಳ್ಳಲಾರಳು, ನಾನೂ ಊಹಿಸಿಕೊಳ್ಳಲಾರೆ.

ಹೀಗಿರುವಾಗ ಎಲ್ಲರ ಕೈಗೂ ಫೋನು ಬಂತು. ಅಪರಿಚಿತರು ಫೋನು ಮಾಡಿ ಬಹುಮಾನ ಬಂದಿದೆ, ಕರೆಂಟು ಕಡಿಯುತ್ತೇವೆ, ಬ್ಯಾಂಕಿನ ಖಾತೆ ನಿಂತುಹೋಗುತ್ತದೆ, ಮೊಬೈಲಿಗೆ ಬಂದ ನಂಬರು ಹೇಳಿ ಎನ್ನತೊಡಗಿದರು. ನಮ್ಮವರೇನೂ ದಡ್ಡರಲ್ಲ. ಫೋನನ್ನು ಸ್ಪೀಕರಿಗೆ ಹಾಕಿ, ಮುಂದೆ ಒಂದು ಲೋಟ ಹಾಲಿಟ್ಟು ಕೇಳಿದರು. ಹಾಲು ಒಡೆಯಲಿಲ್ಲ. ಒಡೆಯಲಿಲ್ಲ ಎಂದ ಮೇಲೆ ಆಡಿದವರು ಸತ್ಯವಂತರು. ಕೇಳಿದ ನಂಬರನ್ನು ಕೊಟ್ಟರು, ಕಳಿಸೆಂದ ಹಣವನ್ನು ಕಳಿಸಿದರು.

ಹಾರ್ಡ್‌ವೇರ್ ಅಂಗಡಿಯ ಗುರುಶಾಂತಪ್ಪನಿಗೆ ಕಾರು ಬಹುಮಾನ ಬಂತು. ತೆರಿಗೆ ಕಟ್ಟಿದ, ಸಾಗಣೆ ಕಟ್ಟಿದ, ವಿಮೆ ಕಟ್ಟಿದ. ಕಾರು ನಿಲ್ಲಿಸಲು ಮನೆಯ ಪಕ್ಕದಲ್ಲಿ ತಗಡಿನ ಶೆಡ್ಡು ಕಟ್ಟಿಸಿದ. ಕಾರು ಬರಲಿಲ್ಲ, ಕೋಳಿಗಳು ಬಂದು ಮಲಗತೊಡಗಿದವು. ಅವನು ಅವುಗಳನ್ನು ದಿನವೂ ಓಡಿಸಿ ನೆಲ ಗುಡಿಸುತ್ತಿದ್ದ. ಮೋಸ ಹೋದಿಯೇನಪ್ಪಾ ಎಂದರೆ, "ಹಾಲು ಒಡೆದಿಲ್ಲ. ಕಾರು ದಾರಿಯಲ್ಲೈತೆ" ಎನ್ನುತ್ತಿದ್ದ. ಮೋಸ ಎಂಬ ಮಾತನ್ನು ಒಪ್ಪಬೇಕಾದರೆ ಹಾಲನ್ನು ಅನುಮಾನಿಸಬೇಕಾಗಿತ್ತು. ಅದಕ್ಕೆ ಊರಿನಲ್ಲಿ ಯಾರೂ ತಯಾರಿರಲಿಲ್ಲ.

ನನಗೆ ಮಾತ್ರ ಅನುಮಾನವಿತ್ತು. ಒಂದು ದಿನ ಗುರುಶಾಂತಪ್ಪನ ಅಂಗಡಿಯಲ್ಲಿ ಅಂಥ ಫೋನೊಂದನ್ನು ಪೂರ್ತಿ ಕೇಳಿದೆ. ಕಸುಬಿನವನ ಕಿವಿ ನನ್ನದು. ಆಡುವವನಿಗೆ ಎರಡೇ ಆತಂಕ: ಈಗಲೇ ಮಾಡಿ, ಯಾರಿಗೂ ಹೇಳಬೇಡಿ. ನಿಜ ಹೇಳುವವನು ನಾಳೆ ಬಾ ಎನ್ನುತ್ತಾನೆ, ಮನೆಯವರನ್ನೂ ಕರೆದುಕೊಂಡು ಬಾ ಎನ್ನುತ್ತಾನೆ. ಇದನ್ನು ನಾಲ್ಕು ಜನರಿಗೆ ಹೇಳಿದೆ. "ನಿನಗಿಂತ ಚೆನ್ನಾಗಿ ಮಾತಾಡೋನು ಬಂದ ಅಂತ ಹೊಟ್ಟೆಕಿಚ್ಚು" ಎಂದರು. ಹೊಟ್ಟೆಕಿಚ್ಚು ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಭಾನುವಾರ ಅಕ್ಕನ ಮನೆಗೆ ಹೋದೆ. ಅವಳು ಬಾಗಿಲನ್ನು ಅರ್ಧವೇ ತೆರೆದು, ನನ್ನನ್ನು ಪಡಸಾಲೆಯಲ್ಲಿ ಕೂರಿಸಿ, ಕರಿ ಚಹಾ ತಂದುಕೊಟ್ಟಳು. ನನ್ನ ಅಕ್ಕನ ಮನೆಯಲ್ಲಿ ಕರಿ ಚಹಾ. "ಹಾಲಿಲ್ವಾ?" ಎಂದೆ. "ಇವತ್ತು ರೇವಮ್ಮ ಬಂದಿಲ್ಲ" ಎಂದಳು. ಹಾಲು ಹಾಕುವ ರೇವಮ್ಮ ಬೀದಿಯ ತುದಿಯಲ್ಲಿ ನನಗೆ ಸಿಕ್ಕಿ, ನಿಮ್ಮಕ್ಕ ಎರಡು ದಿನದಿಂದ ದುಪ್ಪಟ್ಟು ಹಾಲು ತಗೊಳ್ತಾವ್ರೆ, ಮನೇಲಿ ನೆಂಟ್ರು ಬಂದವ್ರಾ ಎಂದು ಕೇಳಿ ಹೋಗಿ ಚಹಾ ಆರುವಷ್ಟೂ ಹೊತ್ತಾಗಿರಲಿಲ್ಲ.

ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ತೊಲೆಗೆ ಮೂರು ಬಟ್ಟೆಯ ಗಂಟುಗಳು ನೇತುಬಿದ್ದಿದ್ದವು. ಕೆಳಗೆ ತಿಳಿನೀರು ತೊಟ್ಟಿಕ್ಕುತ್ತಿತ್ತು. ಅಕ್ಕ ಯಾವುದನ್ನೂ ಚೆಲ್ಲುವವಳಲ್ಲ. ಒಂದು ಗಂಟನ್ನು ಬಿಚ್ಚಿ ಚೂರು ಬಾಯಿಗೆ ಹಾಕಿಕೊಂಡೆ. ಮೆತ್ತಗೆ, ಬೆಣ್ಣೆಯ ಹಾಗೆ, ನಮ್ಮ ಅಂಗಡಿಯಲ್ಲಿ ಇಷ್ಟು ಚೆನ್ನಾಗಿ ಒಡೆದದ್ದು ನನಗೆ ನೆನಪಿಲ್ಲ. ಈ ಮನೆಯಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆ, ಈ ಮನೆಯಲ್ಲಿ ಅಕ್ಕನೊಬ್ಬಳೇ ಇರುವುದು. ಹೆದರಿಕೆ ಆಮೇಲೆ ಬಂತು, ಮೊದಲು ಬಂದದ್ದು ದುಃಖ. ಅಕ್ಕ ನನಗೆ ಸುಳ್ಳು ಹೇಳಿದಳಲ್ಲ ಎಂದು ಹಿತ್ತಲಿನಲ್ಲಿ ನಿಂತು ಸಣ್ಣ ಹುಡುಗನ ಹಾಗೆ ಸಂಕಟಪಟ್ಟೆ.

ಒಳಗೆ ಅವಳ ಕೋಣೆಯಲ್ಲಿ ಗಂಡಸಿನ ದನಿ ಕೇಳಿತು. ಬಾಗಿಲು ನೂಕಿದೆ. ಅಕ್ಕ ಗೋಡೆಗೆ ಒರಗಿಸಿದ ಫೋನಿನ ಮುಂದೆ ಚಾಪೆಯ ಮೇಲೆ ಕೂತಿದ್ದಳು, ಮಂಡಿ ಮಡಚಲಾಗದೆ ಕಾಲು ಚಾಚಿಕೊಂಡಿದ್ದಳು. ಫೋನಿನಲ್ಲಿ ಖಾಕಿ ಬಟ್ಟೆಯ ಮನುಷ್ಯನೊಬ್ಬ, ಹಿಂದೆ ಒಂದು ಬಾವುಟ. ನಡುವೆ ಸಾಕ್ಷಿ ಹಾಲಿನ ಲೋಟ. ನನ್ನನ್ನು ಕಂಡು ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. "ಬಾಗಿಲು ಸದ್ದಾಯಿತು. ಯಾರು ಬಂದರು?" ಎಂದ ಫೋನಿನವನು. "ಯಾರೂ ಇಲ್ಲ ಸಾರ್" ಎಂದಳು ಅಕ್ಕ. ಲೋಟದ ಹಾಲು ಒಡೆಯಿತು. ಅವಳು ಅದನ್ನು ಮಾತಿಲ್ಲದೆ ಪಾತ್ರೆಗೆ ಸುರಿದು, ಲೋಟ ಒರೆಸಿ, ಹೊಸ ಹಾಲು ತುಂಬಿಸಿದಳು. ಆ ಕೈಗೆ ಈ ಕೆಲಸ ಆಗಲೇ ರೂಢಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಸಾಹೇಬನಿಗೆ ಹಸಿವಾಯಿತು. ಊಟ ಮಾಡಿ ಬರುತ್ತೇನೆ, ಫೋನು ಕಡಿದರೆ ಜೀಪು ಕಳಿಸುತ್ತೇನೆ ಎಂದು ಹೇಳಿ ಎದ್ದು ಹೋದ. ಪರದೆಯಲ್ಲಿ ಖಾಲಿ ಕುರ್ಚಿ ಉಳಿಯಿತು. ಅಕ್ಕ ನನ್ನ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು. "ನನ್ನ ಹೆಸರಲ್ಲಿ ಒಂದು ಪಾರ್ಸಲ್ ಹೋಗೈತಂತೆ. ಅದ್ರಲ್ಲಿ ಇರಬಾರದ್ದೆಲ್ಲಾ ಐತಂತೆ. ಫೋನಲ್ಲೇ ಅರೆಸ್ಟ್ ಮಾಡವ್ರೆ. ಬ್ಯಾಂಕಿನ ದುಡ್ಡೆಲ್ಲಾ ಅವ್ರಿಗೆ ಕಳಿಸ್ಬೇಕು, ಒಳ್ಳೇದೋ ಕೆಟ್ಟದ್ದೋ ನೋಡಿ ವಾಪಸ್ ಹಾಕ್ತಾರಂತೆ. ನಾಳೆ ಬ್ಯಾಂಕ್ ತೆಗೆದ ಕೂಡ್ಲೆ ಹೋಗ್ಬೇಕು."

"ನಂಗೆ ಯಾಕೆ ಹೇಳ್ಲಿಲ್ಲಕ್ಕಾ?" ಎಂದೆ.

"ಯಾರಿಗಾದ್ರೂ ಹೇಳಿದ್ರೆ ಅವ್ರನ್ನೂ ಒಳಗೆ ಹಾಕ್ತೀವಿ ಅಂದ್ರು. ನಂಗಿರೋದು ನೀನೊಬ್ನೇ."

"ಅಕ್ಕಾ, ಅವ್ನು ಪೊಲೀಸಲ್ಲ, ಕಳ್ಳ" ಎಂದೆ. ಇಬ್ಬರೂ ಲೋಟ ನೋಡಿದೆವು. ಒಡೆಯಲಿಲ್ಲ. ಅಕ್ಕ ತಲೆಯಾಡಿಸಿದಳು. "ನಿಂಗೆ ಹಂಗನ್ನಿಸೈತೆ, ಅದಕ್ಕೆ ಒಡೀಲಿಲ್ಲ. ಅನ್ನಿಸಿದ್ದಕ್ಕೆ ಹಾಲು ಒಡೆಯಲ್ಲ ಅಂತ ನಿಂಗೆ ಹೇಳಿಕೊಟ್ಟೋಳು ನಾನೇ." ಆಮೇಲೆ ದನಿಯನ್ನು ಇನ್ನೂ ತಗ್ಗಿಸಿದಳು. "ಮನೇಲಿ ಬಚ್ಚಿಟ್ಟಿರೋದು ಏನಾದ್ರೂ ಐತಾ ಅಂತ ಕೇಳ್ದ. ರಾಗಿ ಡಬ್ಬದಾಗೆ ಒಂದಷ್ಟು ದುಡ್ಡು ಇಟ್ಟಿದ್ದೆ. ಹೆದರಿಕೆಗೆ ಇಲ್ಲ ಅಂದುಬಿಟ್ಟೆ. ಒಡೀತು ಕಣೋ. ನನ್ನ ಹಾಲು, ನನ್ನ ಮುಂದೆ. ಎರಡು ದಿನದಿಂದ ಅವ್ನು ಮಾತಾಡ್ತಾನೇ ಅವ್ನೆ, ಒಂದ್ಸಲಾನೂ ಒಡೆದಿಲ್ಲ. ನಾನು ಬಾಯಿ ಬಿಟ್ಟಾಗೆಲ್ಲಾ ಒಡೀತೈತೆ. ಕಳ್ಳರು ಯಾರು ಅಂತ ಇನ್ನೂ ಯಾರನ್ನು ಕೇಳ್ಬೇಕು?"

ಆಗ ನನಗೆ ವಿಷಯ ಗೊತ್ತಾಯಿತು. ಅವನ ಬೆದರಿಕೆಗೆ ಅವಳು ಅಷ್ಟೊಂದು ಹೆದರಿರಲಿಲ್ಲ. ಹಾಲೇ ತನ್ನನ್ನು ಕಳ್ಳಿ ಎಂದಿತಲ್ಲ ಎಂದು ಕುಸಿದುಹೋಗಿದ್ದಳು. ಊರಿಗೆಲ್ಲ ನ್ಯಾಯ ನೋಡಿ ಹೇಳಿದವಳು ತನ್ನ ತೀರ್ಪನ್ನೂ ಹಾಗೇ ಒಪ್ಪಿಕೊಂಡು ಕೂತಿದ್ದಳು. ಎಳೆದು ಹೊರಗೆ ತಂದರೆ ಬರುವವಳಲ್ಲ. ಫೋನು ಕಿತ್ತುಕೊಂಡರೆ ತಮ್ಮನೂ ಅಪರಾಧಿಯಾದ ಎಂದು ಇನ್ನಷ್ಟು ಕೊರಗುತ್ತಾಳೆ. ಹಾಲಿನ ಮಾತನ್ನು ಹಾಲಿನಿಂದಲೇ ಬಿಡಿಸಬೇಕಾಗಿತ್ತು. ನಾನು ತಲೆ ಬಾಚಿಕೊಂಡು ಅವಳ ಪಕ್ಕದಲ್ಲಿ ಕೂತೆ.

ಸಾಹೇಬ ಬಾಯಿ ಒರೆಸಿಕೊಳ್ಳುತ್ತಾ ಬಂದ. ನನ್ನನ್ನು ನೋಡಿ ಎಗರಾಡಿದ. ಯಾರಿಗೂ ಹೇಳಬಾರದೆಂದು ಆಜ್ಞೆ ಮಾಡಿದ್ದೆ, ಈಗ ಇವನನ್ನೂ ಬಂಧಿಸಬೇಕಾಗುತ್ತದೆ ಎಂದು ಪುಸ್ತಕದ ಕನ್ನಡದಲ್ಲಿ ಕೂಗಿದ. ನಾನು ಕೈ ಮುಗಿದೆ. ತಪ್ಪಾಯಿತು ಎನ್ನಲಿಲ್ಲ, ಎಂದಿದ್ದರೆ ಹಾಲು ಒಡೆಯುತ್ತಿತ್ತು. "ನಾನು ಇವ್ರ ತಮ್ಮ ಸಾರ್. ಒಂದು ಮಾತು ಕೇಳ್ಲಾ? ಹಂಗಾದ್ರೆ ನಮ್ಮ ಮುರಿಗೆಪ್ಪಣ್ಣನೂ ನಿಮ್ಮ ಕೈಗೆ ಸಿಕ್ಕಿಬಿದ್ದನಾ?"

ಅಕ್ಕ ತಿರುಗಿ ನನ್ನ ಮುಖ ನೋಡಿದಳು. ನಮ್ಮ ಮನೆಯಲ್ಲಿ ಹುಟ್ಟಿದವರು ನಾವಿಬ್ಬರೇ. ಮುರಿಗೆಪ್ಪ ಎಂಬ ಹೆಸರಿನವರು ನಮ್ಮ ಬೀದಿಯಲ್ಲೂ ಇಲ್ಲ. ಹಾಲು ಸುಮ್ಮನಿತ್ತು, ನಾನು ಕೇಳಿದ್ದು ಪ್ರಶ್ನೆ.

ಸಾಹೇಬ ನನ್ನನ್ನೂ ಅಕ್ಕನನ್ನೂ ಒಂದು ಸಲ ನೋಡಿದ. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಮುರಿಗೆಪ್ಪ ನಮ್ಮ ವಶದಲ್ಲೇ ಇದ್ದಾನೆ. ಎಲ್ಲವನ್ನೂ ಒಪ್ಪಿಕೊಂಡಿದ್ದಾನೆ. ನಿಮ್ಮ ಅಕ್ಕನ ಹೆಸರನ್ನು ಹೇಳಿದವನೇ ಅವನು."

ಅಕ್ಕ ಲೋಟ ನೋಡಿದಳು. ಬಗ್ಗಿ ಹತ್ತಿರದಿಂದ ನೋಡಿದಳು. ಕಿರುಬೆರಳು ಅದ್ದಿ ತೆಗೆದು ಬೆಳಕಿಗೆ ಹಿಡಿದಳು. ಹಾಲು ಹಾಲಾಗಿಯೇ ಇತ್ತು. ಅವಳು ಸೆರಗಿಗೆ ಬೆರಳು ಒರೆಸಿಕೊಂಡು, ಮದುವೆಯ ಮಾತಿನಲ್ಲಿ ಗಂಡಿನ ಕಡೆಯವರನ್ನು ಕೇಳುವ ತನ್ನ ಎಂದಿನ ದನಿಯಲ್ಲಿ ಕೇಳಿದಳು. "ಆ ಮುರಿಗೆಪ್ಪ ನನಗೆ ಏನಾಗ್ಬೇಕು ಸಾರ್?"

"ನಾಟಕ ಬೇಡ. ನಿಮ್ಮ ಸ್ವಂತ ಅಣ್ಣ."

"ಒಡಹುಟ್ಟಿದೋನಾ?"

"ಒಡಹುಟ್ಟಿದವನೇ. ಪಕ್ಕದ ಕೋಣೆಯಲ್ಲಿದ್ದಾನೆ."

"ಊಟ ಮಾಡಿದ್ನಾ?"

"ಅನ್ನ ಸಾರು ಕೊಟ್ಟಿದ್ದೇವೆ. ನಾಳೆ ಹಣ ಬರದಿದ್ದರೆ ಅದೂ ಇಲ್ಲ."

ಲೋಟದ ಹಾಲು ಅಲುಗಲಿಲ್ಲ. ಅಕ್ಕ ಇನ್ನೂ ಸ್ವಲ್ಪ ಹೊತ್ತು ಕಾದಳು, ಸಾಕ್ಷಿ ನೋಡುವವರು ಯಾರಿಗೂ ಅನ್ಯಾಯವಾಗಬಾರದೆಂದು ಕಾಯುವಷ್ಟು ಹೊತ್ತು. ಆಮೇಲೆ ಹೇಳಿದಳು. "ನಮ್ಮಪ್ಪನ ಮೊದಲ್ನೇ ಮಗು ನಾನು ಸಾರ್. ನಂಗೆ ಅಣ್ಣ ಇಲ್ಲ." ಹಾಲು ಒಡೆಯಲಿಲ್ಲ. ಅವಳು ಕೈ ಚಾಚಿ ಫೋನು ಕಡಿದಳು.

ಜೀಪು ಬರಲಿಲ್ಲ. ಫೋನು ಮಾತ್ರ ಒಂದಷ್ಟು ಹೊತ್ತು ಬಡಿದುಕೊಂಡು ತಾನಾಗಿಯೇ ಸುಮ್ಮನಾಯಿತು. "ಹಾಲಿಗೆ ಫೋನು ಕೇಳಿಸಲ್ಲ ಕಣೋ" ಎಂದಳು ಅಕ್ಕ. ಎದುರಿಗೆ ಕೂತು ಉಸಿರಾಡುವವನ ಮಾತು ಮಾತ್ರ ಅದಕ್ಕೆ ಗೊತ್ತು. ಇಷ್ಟು ಸಣ್ಣ ವಿಷಯ ನಮಗೆ ಯಾರಿಗೂ ಹೊಳೆದಿರಲಿಲ್ಲ. ನಾನು ನಗಬೇಕೆಂದುಕೊಂಡೆ, ಅಳು ಬಂತು. ಅವಳು ಲೋಟದ ಹಾಲನ್ನು ಅರ್ಧ ಕುಡಿದು ಉಳಿದರ್ಧವನ್ನು ನನಗೆ ಕೊಟ್ಟಳು.

ಮಾರನೆಯ ದಿನ ಬ್ಯಾಂಕಿಗೆ ಹೋಗುವ ಬದಲು ಪೊಲೀಸ್ ಠಾಣೆಗೆ ಹೋದೆವು. ನಮ್ಮ ಠಾಣೆಯ ಓಂಕಾರಪ್ಪ ಎಲ್ಲವನ್ನೂ ಕೇಳಿ, ಫೋನಿನವನ ನಂಬರು ಬರೆದುಕೊಂಡು, ಮೇಜಿನ ಕೆಳಗಿನಿಂದ ತನ್ನ ಕಾಲು ಚಾಚಿ ತೋರಿಸಿದ. "ಫೋನಲ್ಲಿ ಅರೆಸ್ಟ್ ಮಾಡೋಕೆ ಬರೋದಾದ್ರೆ ನಾನು ಈ ಬೂಟು ಯಾಕೆ ಸವೆಸ್ಲಿ ತಾಯೀ?" ಅವನ ಮೇಜಿನ ಮೇಲೆ ಹಾಲಿತ್ತು. ಅವನೂ ನಮ್ಮೂರಿನವನೇ.

ಅಕ್ಕ ಅಲ್ಲಿಂದ ಕುಂಟುತ್ತಾ ಮನೆ ಮನೆಗೆ ಹೋದಳು. ಹಾಲನ್ನು ಫೋನಿನ ಮುಂದೆ ಇಡಬೇಡಿ, ನಾನೂ ಇಟ್ಟಿದ್ದೆ, ನಾನೂ ಮೋಸ ಹೋದೆ ಎಂದಳು. ಲೋಟ ಕೈಯಲ್ಲೇ ಇದ್ದುದರಿಂದ ಯಾರೂ ಎದುರು ಮಾತಾಡಲಿಲ್ಲ. ಕೊನೆಗೆ ಗುರುಶಾಂತಪ್ಪನ ಮನೆ. ಅವನು ಶೆಡ್ಡು ಗುಡಿಸುತ್ತಿದ್ದ. ಮುರಿಗೆಪ್ಪಣ್ಣನ ಕಥೆ ಸಹಿತ ಅವಳು ಹೇಳಿದ್ದನ್ನೆಲ್ಲ ಕೇಳಿ, ಇನ್ನೊಂದು ಸಲ ವಿಚಾರಿಸುತ್ತೇನೆ ಎಂದು ನಮ್ಮೆದುರಿಗೇ ಕಾರಿನವರಿಗೆ ಫೋನು ಮಾಡಿದ. "ಮುರಿಗೆಪ್ಪಣ್ಣ ಎಲ್ಲಿಗೆ ಬಂದ್ರು ಸಾರ್?" ಎಂದು ಕೇಳಿದ. ನಿಮ್ಮ ಮುರಿಗೆಪ್ಪನವರೇ ಕಾರು ಓಡಿಸಿಕೊಂಡು ಬರುತ್ತಿದ್ದಾರೆ, ಗಡಿಯಲ್ಲಿ ತಡೆದಿದ್ದಾರೆ, ಇನ್ನೊಂದು ಸಲ ಹಣ ಕಟ್ಟಿದರೆ ಬಿಡುತ್ತಾರೆ ಎಂದಿತು ಆ ಕಡೆಯ ದನಿ. ಗುರುಶಾಂತಪ್ಪ ಫೋನಿಟ್ಟು, ಶೆಡ್ಡಿನ ಹೊಸ್ತಿಲ ಮೇಲೆ ಕೂತು, ಮುಖ ಆ ಕಡೆ ತಿರುಗಿಸಿಕೊಂಡ. ಅಕ್ಕ ಮಂಡಿ ನೋವಿದ್ದರೂ ಅವನ ಪಕ್ಕದಲ್ಲಿ ಕೂತಳು. ಎದ್ದಾಗ ಅವನು ಪೊರಕೆಯನ್ನು ಮೂಲೆಗೆ ಎಸೆದು, ಕೋಳಿಗಳಿಗೆ ಬಾಗಿಲು ತೆರೆದುಬಿಟ್ಟ.

ಅಲ್ಲಿಂದಾಚೆಗೆ ನಮ್ಮೂರಿನಲ್ಲಿ ಗೊತ್ತಿಲ್ಲದವರ ಫೋನು ಬಂದರೆ ಮೊದಲು ಮುರಿಗೆಪ್ಪಣ್ಣನನ್ನು ವಿಚಾರಿಸುತ್ತಾರೆ. ಅವನನ್ನು ಅರಿಯದ ಮೋಸಗಾರನಿಲ್ಲ. ಅವನು ದೆಹಲಿಯಲ್ಲಿ ಜೈಲಿನಲ್ಲಿದ್ದಾನೆ, ಬ್ಯಾಂಕಿನಲ್ಲಿ ಮ್ಯಾನೇಜರನಾಗಿದ್ದಾನೆ, ಅಪಘಾತವಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಲಾಟರಿ ಗೆದ್ದಿದ್ದಾನೆ. ಸಂಜೆ ಬೆಂಚುಗಳ ಮೇಲೆ ಇವತ್ತಿನ ಸಮಾಚಾರ ಏನು ಎಂದರೆ ಅದು ಮುರಿಗೆಪ್ಪಣ್ಣನ ಸಮಾಚಾರವೇ. ಮೊನ್ನೆ ಅವನಿಗೆ ಹೃದಯಾಘಾತವಾಯಿತೆಂದು ಕೇಳಿ ರೇವಮ್ಮ, ಪಾಪ, ವಯಸ್ಸಾಯ್ತಲ್ಲ ಎಂದಳು.

ಅಕ್ಕನಿಗೆ ದೊಡ್ಡಾಸ್ಪತ್ರೆಯಿಂದ ಫೋನು ಬಂತು. ಅವಳೂ ಕೇಳಿದಳು. "ಮುರಿಗೆಪ್ಪ ಯಾರಮ್ಮ? ನಮಗೆ ಗೊತ್ತಿಲ್ಲ. ಮಂಗಳವಾರ ಬನ್ನಿ, ಮನೆಯವರನ್ನೂ ಕರ್ಕೊಂಡು ಬನ್ನಿ" ಎಂದಳು ಆ ಕಡೆಯ ಹುಡುಗಿ, ಸ್ವಲ್ಪ ಸಿಡುಕಿನಿಂದಲೇ. ಅಕ್ಕನ ಮುಖ ಅರಳಿತು. "ಇವ್ರು ನಿಜವಾದೋರು ಕಣೋ" ಎಂದಳು. ಹಾಗಿದ್ದರೂ ಆಟೋ ಮಾಡಿಕೊಂಡು ಖುದ್ದಾಗಿ ಹೋಗಿ ಕೇಳಿಕೊಂಡು ಬಂದೆವು. ಮಂಗಳವಾರ ಆಪರೇಷನ್ ಆಯಿತು, ಕೂಡಿಟ್ಟ ಹಣ ಅದಕ್ಕೇ ಹೋಯಿತು.

ಅವಳು ಹಾಸಿಗೆಯಲ್ಲಿದ್ದಷ್ಟು ಕಾಲ ನನ್ನ ಕೆಲಸ ಕೆಟ್ಟಿತು. ಆನೆಗೂ ಹಾಲು ಒಡೆಯಲಿಲ್ಲ, ಹುಲಿಗೂ ಒಡೆಯಲಿಲ್ಲ. ಮನಸ್ಸೆಲ್ಲ ಅವಳ ಮಂಡಿಯ ಮೇಲಿತ್ತು. ಕೊನೆಗೆ ಒಂದು ಬೆಳಿಗ್ಗೆ, ನನಗೆ ಮುರಿಗೆಪ್ಪ ಎಂಬ ಅಣ್ಣನಿದ್ದಾನೆ ಎಂದು ಕಡಾಯಿಗೆ ಹೇಳಿ ನೋಡಿದೆ. ಹಾಲು ತಣ್ಣಗೆ ನನ್ನ ಮುಖ ನೋಡಿತು. ತಿಪ್ಪೇಶಣ್ಣ ನಿಂಬೆಹಣ್ಣು ತರಿಸುವ ಮಾತಾಡಿದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು. ಅಕ್ಕ ಬಂದಿದ್ದಳು. ಒಂದೊಂದೇ ಮೆಟ್ಟಿಲು ಹತ್ತಿ, ಬೆವರಿ, ತುಟಿ ಕಚ್ಚಿಕೊಂಡು, ಕಡಾಯಿಯ ಹತ್ತಿರ ಬಂದು ನಿಂತಳು.

ನಾನು ಓಡಿಹೋಗಿ ಅವಳ ತೋಳು ಹಿಡಿದುಕೊಂಡೆ. "ಇಷ್ಟು ದೂರ ಯಾಕೆ ನಡೆದುಕೊಂಡು ಬಂದೆ? ನೋಯ್ತೈತಾ ಅಕ್ಕಾ?" ಎಂದೆ.

ಅವಳು ಒಡೆಯದ ಹಾಲನ್ನು ನೋಡಿದಳು, ತಿಪ್ಪೇಶಣ್ಣನ ಮುಖ ನೋಡಿದಳು, ನನ್ನನ್ನು ನೋಡಿದಳು. ಸೆರಗು ಸರಿಮಾಡಿಕೊಂಡು ಕಡಾಯಿಯ ಕಡೆಗೆ ಬಗ್ಗಿದಳು.

"ಒಂಚೂರೂ ನೋವಿಲ್ಲ ಕಣೋ" ಎಂದಳು.

ಹಾಲು ಈ ಅಂಚಿನಿಂದ ಆ ಅಂಚಿನವರೆಗೆ ಒಡೆಯಿತು. ತಿಪ್ಪೇಶಣ್ಣ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಆಮೇಲೆ ಅವಳಿಗೆ ಕುರ್ಚಿ ತಂದು ಹಾಕಿ, ನಾಳೆಯೂ ಬರಬೇಕೆಂದು ಕೇಳಿಕೊಂಡ.